ಹತ್ತು ದಿನಕ್ಕೆಂದು ಬಂದ ಬಾಟಲಿ ಮರಿ ಹಾಲು ಕುಡಿಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನನ್ನ ಗೆಳತಿ ತಾಯಿಯಿಲ್ಲದ ಒಂದು ಬೆಕ್ಕಿನ ಮರಿಯನ್ನು ಸಾಕುತ್ತಿದ್ದಳು. ಅವಳು ತುರ್ತಾಗಿ ಹೊರಗೆ ಹೋಗಬೇಕಾಗಿ ಬಂತು. ಹತ್ತು ದಿನ ನೋಡಿಕೋ ಅಂತ ನನಗೆ ಕೊಟ್ಟು ಹೋಗಿದ್ದಾಳೆ. ಎರಡು ವಾರದ ಮರಿ ಇರಬಹುದು, ಕಣ್ಣು ಈಗಷ್ಟೇ ಬಿಟ್ಟಿದೆ. ಮರಿಗಳಿಗೆಂದೇ ಬರುವ ಹಾಲಿನ ಪುಡಿ, ಬಾಟಲಿ, ಒಂದು ರಟ್ಟಿನ ಪೆಟ್ಟಿಗೆ, ಇಷ್ಟು ಕೊಟ್ಟಿದ್ದಾಳೆ. ಮೊದಲ ದಿನ ಚೆನ್ನಾಗಿ ಕುಡಿಯಿತು. ಬಂದಾಗ ತೂಕ 210 ಗ್ರಾಂ, ಮರುದಿನ 222, ಇವತ್ತು ಬೆಳಿಗ್ಗೆ 223. ನಿನ್ನೆ ರಾತ್ರಿಯಿಂದ ನಿಪ್ಪಲ್ ಅಗಿಯುತ್ತದೆ, ಮುಖ ತಿರುಗಿಸುತ್ತದೆ, ಕಿರುಚುತ್ತದೆ, ಕುಡಿಯುವುದಿಲ್ಲ. ಒಂದೂವರೆ ದಿನದಿಂದ ಕಕ್ಕ ಮಾಡಿಲ್ಲ. ರಾತ್ರಿ ಪೂರ್ತಿ ಮಲಗಲಿ ಅಂತ ಕೊನೆಯ ಸಲ 15 ಎಂಎಲ್ ಕುಡಿಸಿ, ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇಡುತ್ತೇನೆ. ಹಸುವಿನ ಹಾಲಿಗೆ ನೀರು ಬೆರೆಸಿ ಕೊಡು ಅಂತ ಅತ್ತೆ ಹೇಳುತ್ತಾರೆ. ಸಿರಿಂಜಿನಲ್ಲಿ ಬಾಯಿಗೆ ಬಿಡು ಅಂತ ಪಕ್ಕದ ಮನೆಯವರು. ನಾಡಿದ್ದಿನಿಂದ ನಾನು ಕೆಲಸಕ್ಕೆ ಹೋಗಬೇಕು. ಮನೆಯಲ್ಲಿ ದೊಡ್ಡ ಬೆಕ್ಕೂ ಇದೆ. ಇನ್ನೊಂದು ಚಿಂತೆ: ನನ್ನ ಕೈಗೆ ಒಗ್ಗಿದ ಮೇಲೆ ವಾಪಸ್ ಕೊಟ್ಟರೆ ಮರಿ ಕೊರಗುವುದಿಲ್ಲವೇ?

ಉತ್ತರ: ಇದನ್ನು ಓದುತ್ತಿರುವಾಗಲೇ ಒಂದು ಕೆಲಸ ಮಾಡಿ. ಕೈ ತೊಳೆದು, ಕಿರುಬೆರಳ ತುದಿಯನ್ನು ಮರಿಯ ಬಾಯೊಳಗೆ ಇಟ್ಟು ನೋಡಿ. ಒಳಗೆ ಬೆಚ್ಚಗಿದೆಯೇ, ತಣ್ಣಗಿದೆಯೇ? ಪಾದಗಳನ್ನೂ ಕಿವಿಗಳನ್ನೂ ಮುಟ್ಟಿ. ಬಾಯಿ ತಣ್ಣಗಿದ್ದರೆ ಹಾಲಿನ ಬಾಟಲಿ ಪಕ್ಕಕ್ಕಿಡಿ. ಮೊದಲು ಮರಿಯನ್ನು ಬೆಚ್ಚಗೆ ಮಾಡಬೇಕು, ಹಾಲು ಆಮೇಲೆ.

ನೀವು ಬರೆದಿರುವುದರಲ್ಲೇ ಕಾರಣ ಇದೆ ಅಂತ ನನಗನ್ನಿಸುತ್ತದೆ. ಒಂದು, ಮಲಗುವ ಮುಂಚಿನ ಆ 15 ಎಂಎಲ್. ಇನ್ನೊಂದು, ಬಿಸಿನೀರಿನ ಬಾಟಲಿ. ಸುಮಾರು 220 ಗ್ರಾಂ ತೂಕದ ಮರಿಯ ಹೊಟ್ಟೆ ಒಂದು ಸಲಕ್ಕೆ ಆರಾಮಾಗಿ ಹಿಡಿಯುವುದು 8ರಿಂದ 9 ಎಂಎಲ್ ಮಾತ್ರ. ನೀವು ಹೆಚ್ಚುಕಮ್ಮಿ ಅದರ ದುಪ್ಪಟ್ಟು ಕುಡಿಸಿದ್ದೀರಿ. ಬಿಸಿನೀರಿನ ಬಾಟಲಿ ಕೆಲವೇ ಗಂಟೆಗಳಲ್ಲಿ ಆರುತ್ತದೆ. ಆರಿದ ಮೇಲೆ ಅದು ಸುಮ್ಮನೆ ತಣ್ಣಗಾಗುವುದಲ್ಲ, ಮರಿಯ ಮೈಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಬೆಳಗಿನ ಜಾವದ ಹೊತ್ತಿಗೆ ತುಂಬಿದ ಹೊಟ್ಟೆ, ತಣ್ಣನೆಯ ಮೈ ಎರಡೂ ಸೇರಿಬಿಡುತ್ತವೆ.

ಮೈ ತಣ್ಣಗಾದರೆ ಮರಿಯ ಕರುಳು ನಿಧಾನವಾಗುತ್ತದೆ, ತೀರಾ ತಣ್ಣಗಾದರೆ ಕೆಲಸವನ್ನೇ ನಿಲ್ಲಿಸುತ್ತದೆ. ಒಳಗಿರುವ ಹಾಲು ಮುಂದೆ ಹೋಗದೆ ಅಲ್ಲೇ ಹುಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ಆಗ ಮರಿ ಕುಡಿಯುವುದಿಲ್ಲ. ಅದು ಹಟ ಅಲ್ಲ, ಒಳಗೆ ಜಾಗ ಇಲ್ಲ ಅಷ್ಟೇ. ಇಷ್ಟು ಚಿಕ್ಕ ಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳುವುದೂ ಸರಿಯಾಗಿ ಬರುವುದಿಲ್ಲ. ತಾಯಿ, ಒಡಹುಟ್ಟಿದ ಮರಿಗಳು ಇದ್ದಿದ್ದರೆ ಅವುಗಳ ಗುಂಪಿನಲ್ಲಿ ನುಸುಳಿ ಬೆಚ್ಚಗಿರುತ್ತಿತ್ತು. ಇದು ಒಂಟಿ ಮರಿ, ಅಲ್ವಾ?

ಈ ವಯಸ್ಸಿನಲ್ಲಿ ಮೈಯ ಬಿಸಿ ಸುಮಾರು 36ರಿಂದ 38 ಡಿಗ್ರಿ ಸೆಲ್ಸಿಯಸ್ ಇರಬೇಕು. 35ಕ್ಕಿಂತ ಕೆಳಗಿದ್ದರೆ ಹಾಲು ಕೊಡಲೇಬಾರದು. ಪೆಟ್ಟಿಗೆಯೊಳಗೆ, ಮರಿ ಮಲಗುವ ಜಾಗದಲ್ಲಿ 27ರಿಂದ 29 ಡಿಗ್ರಿ ಇದ್ದರೆ ಒಳ್ಳೆಯದು. ಬೆಚ್ಚಗೆ ಮಾಡುವುದು ನಿಧಾನವಾಗಿ ಆಗಬೇಕು, ಒಂದರಿಂದ ಮೂರು ಗಂಟೆ ಹಿಡಿದರೂ ಪರವಾಗಿಲ್ಲ. ಮರಿಯನ್ನು ಬಟ್ಟೆಯಲ್ಲಿ ಸುತ್ತಿ ನಿಮ್ಮ ಎದೆಗೆ ಒತ್ತಿ ಹಿಡಿದುಕೊಳ್ಳಬಹುದು. ಟವೆಲ್‌ನಲ್ಲಿ ಸುತ್ತಿದ ಬಿಸಿನೀರಿನ ಚೀಲದ ಪಕ್ಕ ಮಲಗಿಸಬಹುದು. ಬಿಸಿನೀರಿನಲ್ಲಿ ಅದ್ದುವುದು, ಹೇರ್ ಡ್ರೈಯರ್ ಹಿಡಿಯುವುದು, ಬರೀ ಹೀಟಿಂಗ್ ಪ್ಯಾಡ್ ಮೇಲೆ ಮಲಗಿಸುವುದು ಬೇಡ. ಈ ಮರಿಗಳ ಚರ್ಮ ಬೇಗ ಸುಡುತ್ತದೆ. ಬಿಸಿಯಾದರೆ ಎದ್ದು ಓಡಿಹೋಗಲು ಅವಕ್ಕೆ ಬರುವುದಿಲ್ಲ. ಅದಕ್ಕೇ ಪೆಟ್ಟಿಗೆಯ ಅರ್ಧ ಭಾಗದಲ್ಲಿ ಮಾತ್ರ ಬಿಸಿ ಇರಲಿ. ಇನ್ನರ್ಧ ಹಾಗೇ ಬಿಡಿ. ಸೆಕೆಯಾದರೆ ತೆವಳಿಕೊಂಡು ಆಚೆ ಹೋಗುತ್ತದೆ. ರಾತ್ರಿ ಹಾಲು ಕೊಡಲು ಏಳುವಾಗಲೆಲ್ಲ ನೀರು ಬದಲಿಸಿ.

ರಾತ್ರಿ ಏಳಲೇಬೇಕಾ ಅಂತ ಕೇಳಬಹುದು. ಹೌದು, ಈ ಹತ್ತು ದಿನ ಏಳಬೇಕು. 100 ಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 20 ಎಂಎಲ್ ಅಂತ ಲೆಕ್ಕ ಹಾಕಿ. ನಿಮ್ಮ ಮರಿಗೆ 24 ಗಂಟೆಗೆ 45 ಎಂಎಲ್ ಆಸುಪಾಸು ಆಗುತ್ತದೆ. ಅದನ್ನು ಆರು ಸಲಕ್ಕೆ ಹಂಚಿದರೆ ಸಲಕ್ಕೆ ಏಳೆಂಟು ಎಂಎಲ್, ನಾಲ್ಕು ಗಂಟೆಗೊಮ್ಮೆ. ಪುಡಿಯ ಡಬ್ಬಿಯ ಮೇಲೆ ಬೇರೆ ಅಳತೆ ಬರೆದಿದ್ದರೆ ದಿನದ ಒಟ್ಟು ಅಳತೆಗೆ ಅದನ್ನೇ ಅನುಸರಿಸಿ, ಎಲ್ಲ ಪುಡಿಯ ಶಕ್ತಿಯೂ ಒಂದೇ ಅಲ್ಲ. ಒಂದು ಸಲಕ್ಕೆ ಮಾತ್ರ 9 ಎಂಎಲ್ ದಾಟಬೇಡಿ. ಒಮ್ಮೆ ಕಡಿಮೆ ಕುಡಿದರೆ ಮುಂದಿನ ಸಲ ಅದನ್ನೂ ಸೇರಿಸಿ ಕೊಡುವುದು ಬೇಡ. ಪಾಪ ಹಸಿದಿದೆ ಅಂತ ಇನ್ನೆರಡು ಎಂಎಲ್ ಕೊಡುವವರ ಮರಿಗಳೇ ನನ್ನ ಹತ್ತಿರ ಜಾಸ್ತಿ ಬರುತ್ತವೆ. ಪ್ರೀತಿಯಿಂದಲೇ ಕೊಟ್ಟಿರುತ್ತಾರೆ. ಮರಿಗೆ ಮಾತ್ರ ಭೇದಿ ಶುರುವಾಗಿರುತ್ತದೆ.

ಈಗ ಹಸುವಿನ ಹಾಲಿನ ವಿಷಯ. ಅತ್ತೆಯವರು ಕೇಡು ಬಯಸಿ ಹೇಳಿದ್ದಲ್ಲ. ಎಷ್ಟೋ ಮನೆಗಳಲ್ಲಿ ಮರಿಗಳು ಹಸುವಿನ ಹಾಲು ಕುಡಿದೂ ಬದುಕಿವೆ. ಬದುಕದೆ ಹೋದ ಮರಿಗಳ ಲೆಕ್ಕ ಇಟ್ಟವರಿಲ್ಲ. ಹಸುವಿನ ಹಾಲಿನಲ್ಲಿ ಪ್ರೋಟೀನ್ ಶೇಕಡಾ 3ರ ಆಸುಪಾಸು. ತಾಯಿ ಬೆಕ್ಕಿನ ಹಾಲಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ಅಂಶ ಹಸುವಿನ ಹಾಲಿನಲ್ಲಿ ತೀರಾ ಕಡಿಮೆ. ಅದಕ್ಕೆ ನೀರು ಬೇರೆ ಬೆರೆಸಿದರೆ ಹೊಟ್ಟೆ ತುಂಬುತ್ತದೆ, ಮರಿ ಬೆಳೆಯುವುದಿಲ್ಲ. ಅದರಲ್ಲಿರುವ ಸಕ್ಕರೆ ಅಂಶ ಎಷ್ಟೋ ಮರಿಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ. ಮಕ್ಕಳ ಹಾಲಿನ ಪುಡಿಯಲ್ಲೂ ಮರಿಗೆ ಸಾಲುವಷ್ಟು ಪ್ರೋಟೀನ್ ಇರುವುದಿಲ್ಲ. ಗೆಳತಿ ಕೊಟ್ಟ ಪುಡಿಯನ್ನೇ ಮುಂದುವರಿಸಿ. ಅದು ಮುಗಿಯುವ ಮುಂಚೆಯೇ ಅದೇ ಕಂಪನಿಯ ಇನ್ನೊಂದು ಡಬ್ಬಿ ತಂದಿಡಿ. ನಡುವೆ ಬ್ರ್ಯಾಂಡ್ ಬದಲಿಸಿದರೆ ಹೊಟ್ಟೆ ಕೆಡುವುದು ಸಾಮಾನ್ಯ.

ಪುಡಿ ಕಲಸುವಾಗ ಅಂದಾಜು ಬೇಡ. ಮಲಬದ್ಧತೆ ಅಂದಿರಲ್ಲ, ಹಾಲು ಗಟ್ಟಿಯಾದರೂ ಹಾಗಾಗುತ್ತದೆ. ಡಬ್ಬಿಯ ಚಮಚವನ್ನು ಒತ್ತಿ ತುಂಬಬೇಡಿ. ಮೇಲ್ಭಾಗ ಸಮ ಮಾಡಿ ಹಾಕಿ. ಕಲಸಿದ ಹಾಲನ್ನು ಫ್ರಿಜ್‌ನಲ್ಲಿ ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ. ಒಮ್ಮೆ ಬಿಸಿ ಮಾಡಿ ಉಳಿದದ್ದನ್ನು ಚೆಲ್ಲಿ. ಕುಡಿಸುವಾಗ ಹಾಲು ಸುಮಾರು 38 ಡಿಗ್ರಿ ಇರಲಿ. ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟರೆ ಬೆಚ್ಚಗೆನಿಸಬೇಕು, ಬಿಸಿಯೆನಿಸಬಾರದು. ತಣ್ಣನೆಯ ಹಾಲು ಕೊಟ್ಟರೂ ಮರಿ ನಿಪ್ಪಲ್ ಅಗಿದು ಮುಖ ತಿರುಗಿಸುತ್ತದೆ.

ನಿಪ್ಪಲ್ ಅಗಿಯುವುದಕ್ಕೆ ಬೇರೆ ಕಾರಣಗಳೂ ಇವೆ. ಬಾಟಲಿಯನ್ನು ತಲೆಕೆಳಗೆ ಹಿಡಿಯಿರಿ. ಒಂದೊಂದೇ ಹನಿ ನಿಧಾನವಾಗಿ ತೊಟ್ಟಿಕ್ಕಬೇಕು. ಏನೂ ಬರದಿದ್ದರೆ ತೂತು ಚಿಕ್ಕದು ಅಥವಾ ಪುಡಿಯ ಗಂಟು ಸಿಕ್ಕಿಕೊಂಡಿದೆ. ಧಾರೆಯಾಗಿ ಬಂದರೆ ತೂತು ದೊಡ್ಡದಾಗಿದೆ, ಆ ನಿಪ್ಪಲ್ ಬಿಸಾಡಿ. ಕುಡಿಯುತ್ತಾ ಕುಡಿಯುತ್ತಾ ಬಾಟಲಿಯೊಳಗೆ ಗಾಳಿ ಕಡಿಮೆಯಾಗಿ ನಿಪ್ಪಲ್ ಒಳಕ್ಕೆ ಅಂಟಿಕೊಳ್ಳುವುದೂ ಉಂಟು. ಆಗ ಒಂದು ಕ್ಷಣ ಬಾಯಿಂದ ತೆಗೆದರೆ ಗಾಳಿ ಒಳಗೆ ಹೋಗುತ್ತದೆ, ಹಾಲು ಮತ್ತೆ ಬರುತ್ತದೆ.

ಇನ್ನೊಂದು ಸಾಧ್ಯತೆಯನ್ನೂ ನೋಡಿಬಿಡಿ. ಮರಿಯ ಮುಂದಿನ ಒಸಡಿನ ಮೇಲೆ ಬೆರಳು ಆಡಿಸಿ. ಪುಟ್ಟ ಹಲ್ಲುಗಳು ಒರಟಾಗಿ ತಾಗಿದರೆ ಮರಿಗೆ ಮೂರು ವಾರ ಹತ್ತಿರವಾಗಿದೆ. ಕೋರೆಹಲ್ಲೂ ಇದ್ದರೆ ಮೂರರಿಂದ ನಾಲ್ಕು ವಾರ. ಎರಡು ವಾರಕ್ಕೆ 200 ಗ್ರಾಂ ದಾಟಿರುವುದು ಸರಿಯಾದ ತೂಕವೇ. ಆದರೆ ಬೀದಿಯಲ್ಲಿ ಸಿಕ್ಕ ಬಡಕಲು ಮರಿಯ ವಯಸ್ಸನ್ನು ತೂಕದಿಂದ ಹೇಳಲಾಗುವುದಿಲ್ಲ. ಹಲ್ಲು ನೋಡಿ ಹೇಳಿದ್ದು ಹೆಚ್ಚು ನಂಬಿಕೆಗೆ ತಕ್ಕದ್ದು. ನಾಲ್ಕು ವಾರದ ಮರಿ ನಿಪ್ಪಲ್ ಅಗಿಯುತ್ತಿದ್ದರೆ ಅದು ತಟ್ಟೆಯಲ್ಲಿ ಮೆತ್ತನೆ ಆಹಾರ ನೆಕ್ಕಲು ಸಿದ್ಧವಾಗುತ್ತಿದೆ ಅಂತ. ಹಲ್ಲೇ ಇಲ್ಲದ ಮರಿ ಅಗಿಯುತ್ತಿದ್ದರೆ ಹಾಲು, ನಿಪ್ಪಲ್, ಚಳಿ, ಹೊಟ್ಟೆ, ಈ ನಾಲ್ಕರಲ್ಲಿ ಎಲ್ಲೋ ತೊಂದರೆ ಇದೆ.

ಕುಡಿಸುವ ಭಂಗಿ ಹೇಗಿದೆ ಅಂತ ನೀವು ಬರೆದಿಲ್ಲ. ಮಗುವನ್ನು ಮಲಗಿಸಿದ ಹಾಗೆ ಅಂಗಾತ ಹಿಡಿಯುತ್ತಿದ್ದರೆ ಇವತ್ತೇ ಬಿಟ್ಟುಬಿಡಿ. ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಮಡಿಲ ಮೇಲೆ ಒರಟು ಟವೆಲ್ ಹಾಸಿ. ಹೊಟ್ಟೆ ಕೆಳಗಾಗಿ, ನಾಲ್ಕೂ ಕಾಲು ಊರಿ ಮರಿ ಕೂರಲಿ. ತಲೆ ಸ್ವಲ್ಪ ಮಾತ್ರ ಮೇಲೆ ಇರಲಿ. ಮುಂಗಾಲುಗಳಿಂದ ಟವೆಲ್ಲನ್ನು ಒತ್ತುತ್ತಾ ಕುಡಿಯುತ್ತದೆ, ತಾಯಿಯ ಹೊಟ್ಟೆಯನ್ನೂ ಹಾಗೇ ಒತ್ತುವುದು. ಒಪ್ಪದ ಮರಿಯ ಮುಖಕ್ಕೆ ನಿಮ್ಮ ಅಂಗೈಯನ್ನು ಎರಡೂ ಕೆನ್ನೆಗಳ ಕಡೆಯಿಂದ ಗೂಡು ಮಾಡಿ ಹಿಡಿಯಿರಿ. ಕತ್ತಲಾಗಿ ಬೆಚ್ಚಗಾದರೆ ಮೂತಿ ತಾನೇ ನಿಪ್ಪಲ್ ಹುಡುಕುತ್ತದೆ. ಸರಿಯಾಗಿ ನುಂಗುತ್ತಿದೆಯೇ ಅಂತ ತಿಳಿಯಲು ಕಿವಿ ನೋಡಿ. ಪ್ರತಿ ಗುಟುಕಿಗೂ ಕಿವಿಗಳು ತಾಳಕ್ಕೆ ಸರಿಯಾಗಿ ಅಲ್ಲಾಡುತ್ತವೆ. ನಾಲಿಗೆ ನಿಪ್ಪಲ್‌ಗೆ ಸುತ್ತಿಕೊಂಡಿರುತ್ತದೆ. ಕಿವಿ ಅಲ್ಲಾಡದೆ ಹಾಲು ಮಾತ್ರ ಬಾಯಂಚಿನಿಂದ ಇಳಿಯುತ್ತಿದ್ದರೆ ಅದು ಕುಡಿಯುತ್ತಿಲ್ಲ. ನೀವು ಸುಮ್ನೆ ಬಾಯಿಗೆ ಹಾಲು ತುಂಬುತ್ತಿದ್ದೀರಿ. ಯಾವ ಕಾರಣಕ್ಕೂ ಬಾಟಲಿಯನ್ನು ಹಿಂಡಬೇಡಿ. ಕುಡಿದ ಮೇಲೆ ಭುಜಕ್ಕೆ ಒರಗಿಸಿ ಬೆನ್ನು ಮೆಲ್ಲಗೆ ತಟ್ಟಿ, ಗಾಳಿ ಹೊರಗೆ ಬರಲಿ.

ಸಿರಿಂಜ್ ಬಗ್ಗೆಯೂ ಇದೇ ಮಾತು. ಸಿರಿಂಜಿನಲ್ಲಿ ತಪ್ಪಿಲ್ಲ, ಒತ್ತುವ ಹೆಬ್ಬೆರಳಿನಲ್ಲಿ ಅಪಾಯ ಇದೆ. ಬೆಚ್ಚಗಿರುವ, ನುಂಗುತ್ತಿರುವ ಮರಿಗೆ 1 ಎಂಎಲ್ ಸಿರಿಂಜಿನಿಂದ ನಾಲಿಗೆಯ ಮೇಲೆ ಒಂದೊಂದೇ ಹನಿ ಬಿಡಬಹುದು. ಸುಸ್ತಾಗಿ ಬಿದ್ದಿರುವ ಮರಿಗೆ ಬಿಡಬಾರದು. ಕುಡಿಸುವಾಗ ಮೂಗಿನಿಂದ ಹಾಲು ಬಂದರೆ ತಕ್ಷಣ ನಿಲ್ಲಿಸಿ, ತಲೆ ಕೊಂಚ ತಗ್ಗಿಸಿ, ಮೂಗು ಒರೆಸಿ. ಆಮೇಲೆ ಉಸಿರಾಟದಲ್ಲಿ ಟಿಕ್ ಟಿಕ್ ಸದ್ದು, ಕೆಮ್ಮು, ಬಾಯಿ ತೆರೆದು ಉಸಿರಾಡುವುದು ಕಂಡರೆ ಪಶುವೈದ್ಯರ ಹತ್ತಿರ ಹೋಗಲೇಬೇಕು. ನ್ಯುಮೋನಿಯಾ ಈ ಮರಿಗಳನ್ನು ಬೇಗ ಕೊಲ್ಲುತ್ತದೆ.

ಇನ್ನು ಕಕ್ಕ. ಈ ವಯಸ್ಸಿನ ಮರಿ ತಾನಾಗಿ ಸುಸ್ಸು, ಕಕ್ಕ ಮಾಡುವುದಿಲ್ಲ. ತಾಯಿ ನೆಕ್ಕಿ ಮಾಡಿಸುತ್ತದೆ. ಸುಮಾರು ನಾಲ್ಕು ವಾರದವರೆಗೆ ಆ ಕೆಲಸ ನಿಮ್ಮದು. ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿ ಅಥವಾ ಮೆತ್ತನೆ ಬಟ್ಟೆಯಿಂದ ಬಾಲದ ಕೆಳಗೆ ಪುಟ್ಟ ಪುಟ್ಟದಾಗಿ, ನಿಲ್ಲಿಸದೆ ಸವರಿ. ಒರೆಸಿ ತೆಗೆದಂತೆ ಒಂದೆರಡು ಸಲ ಮಾಡಿ ಬಿಟ್ಟರೆ ಆಗುವುದಿಲ್ಲ. ಒಂದು ನಿಮಿಷವಾದರೂ ಬೇಕು. ಕುಡಿಸುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಮಾಡಿಸಿ. ಸುಸ್ಸು ಕಟ್ಟಿಕೊಂಡಿರುವ ಮರಿಯೂ ಕಿರುಚಿ ಹಾಲು ಬೇಡ ಅನ್ನುತ್ತದೆ. ಸುಸ್ಸು ಪ್ರತಿ ಸಲವೂ ಬರಬೇಕು, ಬಣ್ಣ ನೀರಿನ ಹಾಗೆ ತಿಳಿಯಾಗಿರಬೇಕು. ಗಾಢ ಹಳದಿಯಾದರೆ ಮೈಯಲ್ಲಿ ನೀರು ಕಡಿಮೆಯಾಗಿದೆ.

ಪುಡಿ ಹಾಲು ಕುಡಿಯುವ ಮರಿ ಒಂದು ದಿನ ಕಕ್ಕ ಮಾಡದಿದ್ದರೆ ಗಾಬರಿ ಬೇಡ. ಹೊಟ್ಟೆ ಮೆತ್ತಗಿದ್ದು ಹಾಲು ಕುಡಿಯುತ್ತಿದ್ದರೆ ಎರಡು ದಿನದವರೆಗೂ ಕಾಯಬಹುದು. ಹೊಟ್ಟೆ ತಮಟೆಯ ಹಾಗೆ ಬಿಗಿದಿದ್ದರೆ ಕಾಯಬಾರದು. ಎಣ್ಣೆ ಕುಡಿಸುವುದು, ಮನುಷ್ಯರ ಭೇದಿ ಮಾತ್ರೆ, ಗುದದೊಳಗೆ ಏನಾದರೂ ಹಾಕುವುದು ಯಾವುದೂ ಬೇಡ. ಮನೆಯಲ್ಲಿರುವ ಜ್ವರದ ಮಾತ್ರೆಯನ್ನಂತೂ ಮುಟ್ಟಲೇಬೇಡಿ. ಪ್ಯಾರಾಸಿಟಮಾಲ್ ಬೆಕ್ಕುಗಳಿಗೆ ವಿಷ.

ಈಗ ನಿಮ್ಮ ಮರಿಯ ಮಟ್ಟಿಗೆ ತೀರ್ಮಾನ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಮೊದಲ ದಿನ 12 ಏರಿದೆ, ಆಮೇಲೆ ಒಂದೇ ಗ್ರಾಂ. ಬರೀ ತೂಕ ಒಂದು ದಿನ ನಿಂತಿದ್ದರೆ ಮರುದಿನ ನೋಡೋಣ ಅನ್ನುತ್ತಿದ್ದೆ. ನಿಮ್ಮದು ಹಾಲೂ ಬಿಟ್ಟಿದೆ, ಕಕ್ಕವೂ ಇಲ್ಲ. ಆದ್ದರಿಂದ ಮರಿಯನ್ನು ಬೆಚ್ಚಗೆ ಮಾಡಿ, ಸುಸ್ಸು ಮಾಡಿಸಿ, ನಿಪ್ಪಲ್ ಸರಿ ಮಾಡಿ ಒಮ್ಮೆ ಕೊಟ್ಟು ನೋಡಿ. ಕುಡಿದರೆ ಒಳ್ಳೆಯದು, ನಾಳೆಯೊಳಗೆ ಕಕ್ಕವೂ ಆಗಬಹುದು. ಮುಂದಿನ ಸಲವೂ ಬಿಟ್ಟರೆ ಇವತ್ತೇ ವೈದ್ಯರಿಗೆ ತೋರಿಸಿ, ನಾಳೆ ಅನ್ನಬೇಡಿ. ಇಷ್ಟು ಚಿಕ್ಕ ಮೈಯಲ್ಲಿ ಸಕ್ಕರೆ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಬಟ್ಟೆಯ ಹಾಗೆ ಜೋತುಬಿದ್ದರೆ, ಒಸಡು ಬಿಳಿಚಿದರೆ, ಬಾಯಿ ತೆರೆದು ಉಸಿರೆಳೆದರೆ ಮನೆಯಲ್ಲಿ ಪ್ರಯೋಗ ಮಾಡುತ್ತಾ ಕೂರಬೇಡಿ. ಬೆಚ್ಚಗೆ ಸುತ್ತಿ ಹೊರಡಿ. ದಾರಿಯಲ್ಲಿ ಸಕ್ಕರೆ ನೀರನ್ನು ಬೆರಳಿನಿಂದ ಒಸಡಿಗೆ ಸವರಬಹುದು, ಕುಡಿಸಬಾರದು.

ಕೆಲಸಕ್ಕೆ ಹೋಗುವ ಪ್ರಶ್ನೆ. ಒಂಬತ್ತು ಗಂಟೆ ಒಂಟಿಯಾಗಿ ಬಿಟ್ಟು ಹೋಗುವ ಹಾಗಿಲ್ಲ, ಅದನ್ನು ನೇರವಾಗಿಯೇ ಹೇಳುತ್ತೇನೆ. ಬೆಳಿಗ್ಗೆ ಜಾಸ್ತಿ ಕುಡಿಸಿ ಹೋಗುವುದು ಆ 15 ಎಂಎಲ್ ಕಥೆಯೇ ಮತ್ತೆ. ಅತ್ತೆಯವರು ಹಗಲು ಮನೆಯಲ್ಲಿರುತ್ತಾರೆ ಅಂತಾದರೆ ಅವರನ್ನೇ ಕೇಳಿ ನೋಡಿ. ಸಲಹೆ ಕೊಟ್ಟವರಿಗೆ ಮರಿಯ ಮೇಲೆ ಕಾಳಜಿ ಇದೆ ಅಂತಲೇ ಅರ್ಥ. ಎರಡು ಸಲ ನಿಮ್ಮ ಪಕ್ಕದಲ್ಲೇ ಕೂತು ಕುಡಿಸಲಿ. ಬಾಟಲಿಯ ಮೇಲೆ 8 ಎಂಎಲ್‌ಗೆ ಒಂದು ಗೆರೆ ಎಳೆದು ಕೊಡಿ. ಅದಾಗದಿದ್ದರೆ ಚಿಕ್ಕ ಬುಟ್ಟಿಯಲ್ಲಿ ಕೆಲಸದ ಜಾಗಕ್ಕೇ ಒಯ್ಯಬಹುದು. ಓಡಾಟದಲ್ಲಿ ತಣ್ಣಗಾಗದ ಹಾಗೆ ನೋಡಿಕೊಳ್ಳಬೇಕು. ಹಾಲೂಡಿಸುತ್ತಿರುವ ತಾಯಿ ಬೆಕ್ಕು ಎಲ್ಲಾದರೂ ಇದ್ದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮನುಷ್ಯರು ಮುಟ್ಟಿದ ಮರಿಯನ್ನು ಬೆಕ್ಕು ಸೇರಿಸುವುದಿಲ್ಲ ಎಂಬುದು ಬರೀ ನಂಬಿಕೆ. ಎಷ್ಟೋ ತಾಯಂದಿರು ಬೇರೆ ಮರಿಗೂ ಹಾಲು ಕೊಡುತ್ತವೆ. ಆದರೆ ಎಲ್ಲ ಬೆಕ್ಕೂ ಒಪ್ಪುವುದಿಲ್ಲ, ರೋಗ ಆಚೀಚೆ ದಾಟುವ ಭಯವೂ ಇದೆ. ವೈದ್ಯರು ಮರಿಯನ್ನು ನೋಡಿದ ಮೇಲೆ, ನೀವು ಎದುರಿಗಿದ್ದೇ ಪ್ರಯತ್ನಿಸಿ.

ನಿಮ್ಮ ದೊಡ್ಡ ಬೆಕ್ಕು ಮಾತ್ರ ಸದ್ಯ ಬೇರೆ ಕೋಣೆಯಲ್ಲಿರಲಿ. ಹೊರಗಿನಿಂದ ಬಂದ ಮರಿಯನ್ನು ಕಡಿಮೆಯೆಂದರೆ ಎರಡು ವಾರ ದೂರ ಇಡುವುದು ಒಳ್ಳೆಯದು, ಅಂದರೆ ನಿಮ್ಮ ಹತ್ತು ದಿನವೂ. ಪ್ಯಾನ್‌ಲ್ಯುಕೋಪೀನಿಯ ಎಂಬ ವೈರಸ್ ಕಾಯಿಲೆ ಬಟ್ಟೆ, ಕೈಗಳ ಮೂಲಕವೂ ದಾಟುತ್ತದೆ. ನಿಮ್ಮ ಬೆಕ್ಕಿನ ಲಸಿಕೆ ಬಾಕಿ ಇದೆಯೇ ನೋಡಿ. ಮರಿಯ ಮೈಯಲ್ಲಿ ಚಿಗಟ ಕಂಡರೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ತೆಗೆಯಿರಿ. ನಾಯಿಗಳ ಚಿಗಟದ ಔಷಧಿ ಹಾಕಬೇಡಿ. ಅವುಗಳಲ್ಲಿ ಹಲವದರಲ್ಲಿರುವ ಪರ್ಮೆಥ್ರಿನ್ ಬೆಕ್ಕನ್ನು ಕೊಲ್ಲುತ್ತದೆ.

ಕೊನೆಯದಾಗಿ, ಕೊರಗುತ್ತಾ ಎಂಬ ಪ್ರಶ್ನೆ. ಇಲ್ಲ, ನಿಶ್ಚಿಂತೆಯಾಗಿ ಮುದ್ದು ಮಾಡಿ. ಎರಡರಿಂದ ಏಳು ವಾರದ ನಡುವೆ ಮರಿ ಎಷ್ಟು ಜನರ ಕೈಯಲ್ಲಿ ಮೆತ್ತಗೆ ಆಡುತ್ತದೋ ಮುಂದೆ ಅಷ್ಟು ಧೈರ್ಯದ ಬೆಕ್ಕಾಗುತ್ತದೆ. ಕೈ ಬದಲಾದರೆ ಅದು ಸಹಿಸುತ್ತದೆ. ಹಾಲು, ಅಳತೆ, ಹೊತ್ತು, ಬಿಸಿ ಬದಲಾದರೆ ಸಹಿಸುವುದಿಲ್ಲ. ನಡುವೆ ನೋಡಿಕೊಳ್ಳುವವರ ಕೆಲಸ ಅಷ್ಟೇ: ಗೆಳತಿ ಹೇಗೆ ನಡೆಸುತ್ತಿದ್ದಳೋ ಹಾಗೇ ನಡೆಸುವುದು. ಹತ್ತು ದಿನದಲ್ಲಿ ದಪ್ಪ ಮಾಡಿ ಕೊಡಬೇಕಾಗಿಲ್ಲ. ಅವಳಿಗೆ ಇವತ್ತೇ ಫೋನ್ ಮಾಡಿ ಸಲಕ್ಕೆ ಎಷ್ಟು ಕೊಡುತ್ತಿದ್ದಳು, ರಾತ್ರಿ ಎಷ್ಟು ಸಲ ಏಳುತ್ತಿದ್ದಳು ಅಂತ ಕೇಳಿ.

ನನಗೆ ಹೆಚ್ಚು ಕಾಡುವುದು ಅದು ಒಂಟಿ ಮರಿ ಎನ್ನುವುದು. ಎಷ್ಟು ಜೋರಾಗಿ ಕಚ್ಚಬಾರದು ಅಂತ ಮರಿಗಳು ಕಲಿಯುವುದು ಜೊತೆ ಮರಿಗಳಿಂದ. ಕೈಬೆರಳು ಆಡಿಸಿ ಆಟ ಕಲಿಸಬೇಡಿ. ಸಾಧ್ಯವಾದರೆ ಅದೇ ವಯಸ್ಸಿನ ಇನ್ನೊಂದು ಮರಿಯ ಜೊತೆ ಬೆಳೆಸಲು ಗೆಳತಿಗೆ ಹೇಳಿ.

ಒಂದು ಹಾಳೆಯಲ್ಲಿ ಪ್ರತಿ ಸಲದ ಹೊತ್ತು, ಎಷ್ಟು ಎಂಎಲ್, ಸುಸ್ಸು, ಕಕ್ಕ ಬರೆದಿಡಿ. ದಿನಾ ಬೆಳಿಗ್ಗೆ ಹಾಲಿಗೆ ಮುಂಚೆ ತೂಗಿ ಅದನ್ನೂ ಬರೆಯಿರಿ. ವೈದ್ಯರಿಗೆ ತೋರಿಸುವಾಗಲೂ ಆ ಹಾಳೆ ಬೇಕಾಗುತ್ತದೆ. ಜಂತು ಔಷಧಿಯನ್ನು ಎರಡು ವಾರದಿಂದಲೇ ಶುರು ಮಾಡಿ ಎರಡು ವಾರಕ್ಕೊಮ್ಮೆ ಕೊಡುತ್ತಾರೆ, ಆದರೆ ಹೊಟ್ಟೆ ಸರಿಯಾಗುವ ತನಕ ತಡೆಯಿರಿ. ವೈದ್ಯರು ತೂಕ ನೋಡಿ ಕೊಟ್ಟರೆ ತಾರೀಕು, ಅಳತೆ ಎರಡನ್ನೂ ಅದೇ ಹಾಳೆಯಲ್ಲಿ ಬರೆದು ಗೆಳತಿಗೆ ಕೊಡಿ. ಮೊದಲ ಲಸಿಕೆ ಆರರಿಂದ ಎಂಟು ವಾರದ ಹೊತ್ತಿಗೆ ಬರುತ್ತದೆ, ಅದು ಅವಳ ಪಾಲಿನ ಕೆಲಸ.